ಅಫಾನಾಸಿ ಹೊರಟ ದಂಡೆ

ಮಾಸ್ಕೋಗೆ ಬಂದವರು ಕ್ರೆಮ್ಲಿನ್ ನೋಡಿ, ಮೆಟ್ರೊ ನಿಲ್ದಾಣಗಳ ಫೋಟೊ ತೆಗೆದು, ರಾತ್ರಿ ರೈಲಿಗೆ ಪೀಟರ್ಸ್‌ಬರ್ಗ್ ಕಡೆ ಹೊರಟುಬಿಡುತ್ತಾರೆ. ಆ ದಾರಿಯಲ್ಲೇ ಸಿಗುವ ತ್ವೇರ್‌ನಲ್ಲಿ ಇಳಿಯುವವರು ಕಡಿಮೆ. ನಾನು ಆಳಂದ ತಾಲ್ಲೂಕಿನವನು. ಐನೂರು ವರ್ಷದ ಹಿಂದೆ ನಮ್ಮ ಕಡೆ ಬಂದುಹೋದ ರಷ್ಯನ್ ವ್ಯಾಪಾರಿ ಅಫಾನಾಸಿ ನಿಕಿತಿನ್ ಹೊರಟದ್ದು ತ್ವೇರ್‌ನಿಂದ. ಅದನ್ನು ನೋಡದೆ ಊರಿಗೆ ಮರಳುವ ಮನಸ್ಸಿರಲಿಲ್ಲ.

ಲೆನಿನ್‌ಗ್ರಾದ್‌ಸ್ಕಿ ನಿಲ್ದಾಣದಿಂದ ಲಾಸ್ತೊಚ್ಕ ರೈಲು ಸುಮಾರು 170 ಕಿಲೋಮೀಟರ್ ದೂರವನ್ನು ಎರಡು ಗಂಟೆಯೊಳಗೆ ಮುಟ್ಟಿಸಿತು. ಸೆಪ್ಟೆಂಬರ್ ಕೊನೆಯ ವಾರ, ಬರ್ಚ್ ಎಲೆಗಳು ಹಳದಿಯಾಗಿದ್ದವು. ನಮ್ಮ ಐದು ಜನರ ಗುಂಪಿಗೆ ಗೈಡ್ ಆಗಿ ಬಂದವರು ನಡುವಯಸ್ಸು ದಾಟಿದ ಹೆಂಗಸು. ಸಮಯ ಇದ್ದದ್ದು ಮೂರೇ ಗಂಟೆ.

1763ರ ಬೆಂಕಿಯಲ್ಲಿ ಊರು ಸುಟ್ಟುಹೋದ ಮೇಲೆ ಎರಡನೆಯ ಕ್ಯಾಥರೀನ್ ಇಲ್ಲೊಂದು ಅರಮನೆ ಕಟ್ಟಿಸಿದಳು, ಎರಡು ರಾಜಧಾನಿಗಳ ನಡುವೆ ಪ್ರಯಾಣಿಸುವಾಗ ತಂಗುವುದಕ್ಕೆ. ಈಗ ಅದು ಚಿತ್ರಶಾಲೆ. ಒಳಗೆ ಹೋಗಿ ಬಂದೆವು; ಚೆನ್ನಾಗಿದೆ, ಆದರೆ ನನ್ನ ಗಮನವೆಲ್ಲ ಹಿಂಬದಿಯ ವೋಲ್ಗಾ ಹೊಳೆಯ ಮೇಲಿತ್ತು. 1564ರ ಬಿಳಿಯ ತ್ರಿಮೂರ್ತಿ ಚರ್ಚ್ ಊರಿನಲ್ಲಿ ಉಳಿದಿರುವ ಕಟ್ಟಡಗಳಲ್ಲೆಲ್ಲ ಹಳೆಯದು. ಅಲ್ಲಿ ಗೈಡ್ ದನಿ ತಗ್ಗಿಸಿ, 1941ರಲ್ಲಿ ಜರ್ಮನ್ ಸೇನೆ ಊರನ್ನು ಹಿಡಿದು ಕೂತಿದ್ದು, ಡಿಸೆಂಬರ್ 16ರಂದು ಬಿಡುಗಡೆಯಾಗಿದ್ದು ಹೇಳಿದರು. ಆಗ ಊರಿನ ಹೆಸರು ಕಲೀನಿನ್. ತ್ವೇರ್ ಎಂಬ ಹೆಸರು ಮರಳಿದ್ದು 1990ರಲ್ಲಿ.

ಆಮೇಲೆ 1900ರಲ್ಲಿ ಮುಗಿದ ಹಳೆಯ ಕಬ್ಬಿಣದ ಸೇತುವೆ ದಾಟಿ ಆಚೆ ದಂಡೆಗೆ ನಡೆದೆವು. ವೋಲ್ಗಾ ಎಂದರೆ ಸಮುದ್ರದಂಥ ನದಿ ಅಂದುಕೊಂಡಿದ್ದೆ. ಇಲ್ಲಿ ಅದಿನ್ನೂ ಎಳೆಯದು. ಆಚೆ ದಂಡೆಯಲ್ಲಿ ನಡೆಯುವವರ ಮುಖ ಕಾಣದಿದ್ದರೂ ಕೈಯ ಚೀಲ ಕಾಣುತ್ತದೆ. ಆ ನೀರಿನ ಅಂಚಿನಲ್ಲಿ, 1955ರಲ್ಲಿ ನಿಲ್ಲಿಸಿದ ಕಂಚಿನ ಅಫಾನಾಸಿ ನಿಕಿತಿನ್. ಹಿಂದೆ ದೋಣಿ, ಅದರ ಮೂತಿಗೆ ಕುದುರೆಯ ತಲೆ. 1469ರಿಂದ 1472ರವರೆಗೆ ಸ್ನೇಹಭಾವದಿಂದ ಭಾರತಕ್ಕೆ ಹೋಗಿದ್ದ ಧೀರ ಪ್ರಯಾಣಿಕ ಎಂದು ಕೆಳಗೆ ಬರೆದಿದೆ.

ಈ ವ್ಯಾಪಾರಿ ವೋಲ್ಗಾ ಹಿಡಿದು ಕೆಳಗಿಳಿದ. ಅಸ್ತ್ರಖಾನ್ ಹತ್ತಿರ ತಾತಾರರು ಸರಕು ದೋಚಿದರು, ಜೊತೆಗೆ ಅವನ ಧರ್ಮಗ್ರಂಥಗಳೂ ಹೋದವು. ಬರಿಗೈಲಿ ವಾಪಸಾಗಲು ಮನಸ್ಸಾಗದೆ ಬಾಕು, ಪರ್ಷಿಯಾ, ಹೊರ್ಮುಜ್ ದಾಟಿ, ಒಂದು ಕುದುರೆಯನ್ನು ಹಡಗಿಗೆ ಹತ್ತಿಸಿಕೊಂಡು ಚೌಲ್ ಬಂದರಿನಲ್ಲಿ ಇಳಿದ. ಜುನ್ನರಿನಲ್ಲಿ ಅಧಿಕಾರಿ ಆ ಕುದುರೆಯನ್ನೇ ಕಿತ್ತುಕೊಂಡು, ಮತಾಂತರವಾದರೆ ಕೊಡುತ್ತೇನೆ ಎಂದ. ಹೇಗೋ ಬಿಡಿಸಿಕೊಂಡು ಬೀದರಿಗೆ ಬಂದು ಅಲ್ಲಿ ಮಾರಿದ. ಬಹಮನಿ ಸುಲ್ತಾನನ ಮೆರವಣಿಗೆ, ಆನೆಗಳು, ಮಂತ್ರಿ ಮಹಮೂದ್ ಗವಾನನ ವೈಭವ, ಹಳ್ಳಿಗರ ಬಡತನ ಎಲ್ಲವನ್ನೂ ಬರೆದಿಟ್ಟ. ಪುಸ್ತಕಗಳಿಲ್ಲದ್ದರಿಂದ ಈಸ್ಟರ್ ಯಾವ ದಿನ ಎಂಬ ಲೆಕ್ಕ ತಪ್ಪಿತೆಂದು ಅವನು ಮತ್ತೆ ಮತ್ತೆ ಕೊರಗುತ್ತಾನೆ. ನನ್ನನ್ನು ಹೆಚ್ಚು ಕಾಡುವುದು ಆ ಕೊರಗೇ. ಪರದೇಶದಲ್ಲಿ ಹಸಿವನ್ನಾದರೂ ತಡೆದುಕೊಳ್ಳಬಹುದು, ತನ್ನ ಹಬ್ಬ ಯಾವತ್ತು ಎಂದು ಕೇಳಲೂ ಒಬ್ಬರಿಲ್ಲದಿದ್ದರೆ ಏನು ಮಾಡುವುದು?

ಅವನು ಈ ದಂಡೆಗೆ ಮರಳಲಿಲ್ಲ. ಸ್ಮೊಲೆನ್ಸ್ಕ್ ತಲುಪುವ ಮೊದಲೇ ಸತ್ತ. ಬರಹ ಮಾತ್ರ ವ್ಯಾಪಾರಿಗಳ ಕೈಯಲ್ಲಿ ಮಾಸ್ಕೋ ಸೇರಿತು.

"ನೀವು ಬೀದರಿನವರಾ?" ಎಂದು ಗೈಡ್ ಕೇಳಿದರು. ಅಲ್ಲ, ಆಳಂದ ಎಂದೆ. ಅವರು ನಿಂತುಬಿಟ್ಟರು. ಆಳಂದದ ಜಾತ್ರೆಯ ಮಾತು ನಿಕಿತಿನ್ ಬರಹದಲ್ಲಿದೆ: ಬೀದರಿನಿಂದ 12 ಕೋವ್ (ಅವನು ಬಳಸುವ ದೂರದ ಅಳತೆ) ದೂರ, ವರ್ಷಕ್ಕೊಮ್ಮೆ ಹತ್ತು ದಿನ ನಡೆಯುವ ಸಂತೆ, ಮಾರಾಟಕ್ಕೆ ಬರುವ 20,000 ಕುದುರೆ. ಅಲ್ಲೇ ಒಂದು ಹಕ್ಕಿಯ ವಿಷಯವೂ ಇದೆ. ರಾತ್ರಿ 'ಕುಕ್ ಕುಕ್' ಎಂದು ಕೂಗುತ್ತದಂತೆ, ಯಾವ ಮನೆಯ ಮೇಲೆ ಕೂತರೆ ಆ ಮನೆಯಲ್ಲಿ ಸಾವು, ಕೊಲ್ಲಹೋದರೆ ಅದರ ಬಾಯಿಂದ ಬೆಂಕಿ.

ನಮ್ಮ ಆಯಿಯ ಕಥೆ ಹೇಳಿದೆ. ಮಾಳಿಗೆ ಮೇಲೆ ಗೂಗಿ, ಅಂದರೆ ಗೂಬೆ, ಕೂಗಿದರೆ ಅವಳು ಒಲೆಯಿಂದ ಉರಿಯುವ ಕೊಳ್ಳಿ ಹಿರಿದುಕೊಂಡು ಅಂಗಳಕ್ಕೆ ಓಡುತ್ತಿದ್ದಳು. "ಗೂಗಿ ಕುಂತದ, ಏಳ್ರೋ" ಎಂಬ ಅವಳ ಕೂಗಿಗೆ ಮಕ್ಕಳೆಲ್ಲ ಎದ್ದು ಕೂರುತ್ತಿದ್ದೆವು. ಅಫಾನಾಸಿಯ ಹೆಸರನ್ನು ಆಯಿ ಕೇಳಿದವಳಲ್ಲ. ಐನೂರು ವರ್ಷದ ಹಿಂದೆ ನಮ್ಮೂರಿನ ಯಾವುದೋ ಜಗುಲಿಯಲ್ಲಿ ಕೂತು ಅವನು ಕೇಳಿಸಿಕೊಂಡ ಅದೇ ಭಯ ಅವಳಿಗೂ ಬಂದಿತ್ತು.

ಗೈಡ್ ಚೀಲದಿಂದ ಪುಟ್ಟ ನೋಟ್‌ಬುಕ್ ತೆಗೆದರು. ಇಷ್ಟು ವರ್ಷ ಆ ಹಕ್ಕಿ ಯಾವುದೆಂದು ಪ್ರವಾಸಿಗರು ಕೇಳಿದಾಗಲೆಲ್ಲ ಬರೀ 'ಗುಕುಕ್' ಅನ್ನುತ್ತಿದ್ದರಂತೆ. "ಇನ್ನೊಮ್ಮೆ ಹೇಳಿ, ನಿಧಾನ" ಎಂದರು. ಗೂ-ಗಿ ಎಂದೆ. ರಷ್ಯನ್ ಅಕ್ಷರಗಳಲ್ಲಿ ಬರೆದುಕೊಂಡು ನನಗೆ ಓದಿ ತೋರಿಸಿದರು. ಎರಡನೆಯ ಸಲ ಉಚ್ಚಾರ ಸರಿಯಾಗಿ ಬಂತು. ಅಷ್ಟರಲ್ಲಿ ಗುಂಪಿನವರು ಸೇತುವೆ ಹತ್ತಿರದಿಂದ ಕೈ ಬೀಸುತ್ತಿದ್ದರು, ರೈಲಿಗೆ ನಲವತ್ತು ನಿಮಿಷ ಉಳಿದಿತ್ತು.