ಹೌದ್ರೀ, ಡುಪ್ಲಿಕೇಟ್! ಮುಂದಿನದು ಕೇಳ್ರಿ

"ಒರಿಜಿನಲ್ ತಗೊಳ್ಳಾಕ ಆಗಲಿಲ್ಲೇನ್ರಿ?"

ಬೆಳಗಾವಿಯ ನಮ್ಮ ಮನೆಗೆ ಬಂದವರೆಲ್ಲ ಷೋಕೇಸ್ ನೋಡಿ ಕೇಳುವುದು ಇದೊಂದೇ. ಒಳಗೆ ವಿಶ್ವಕಪ್ ಇದೆ, ಇಂಗ್ಲೆಂಡ್-ಆಸ್ಟ್ರೇಲಿಯಾ ಟೆಸ್ಟ್ ಸರಣಿಯ ಆ್ಯಷಸ್ ಕುಡಿಕೆ ಇದೆ, ಸಹಿ ಇರುವ ಬ್ಯಾಟ್ ಇದೆ. ಎಲ್ಲವೂ ನಕಲು. ಉತ್ತರ: ಇಲ್ರೀ, ಆಗಲಿಲ್ಲ. 2011ರ ವಿಶ್ವಕಪ್ ಫೈನಲ್‌ನಲ್ಲಿ ಧೋನಿ ಆಡಿದ ಬ್ಯಾಟ್ ಅದೇ ವರ್ಷ ಲಂಡನ್ ಹರಾಜಿನಲ್ಲಿ ಒಂದು ಲಕ್ಷ ಪೌಂಡ್‌ಗೆ ಹೋಯಿತು. ನನ್ನ ಸಂಬಳ ಎಷ್ಟು ಅಂತ ನಿಮಗೆ ಗೊತ್ತು. ಅದನ್ನೂ ಕೇಳಿ ಆಗಿದೆಯಲ್ಲ.

ಕೇಳಲಿ, ಬೇಜಾರಿಲ್ಲ. ಕೇಳುವ ಧಾಟಿಗೆ ಮೈ ಉರಿಯುತ್ತದೆ. ಹೋದ ದೀಪಾವಳಿಗೆ ನನ್ನ ಷಡ್ಡಕರು ಬಂದಿದ್ದರು. ವಿಶ್ವಕಪ್ ಎತ್ತಿದರು, ತಿರುವಿದರು, ತಳವನ್ನು ಉಗುರಿನಿಂದ ಕೆರೆದರು. "ಬರೇ ಪಾಲಿಶ್ ಐತಿ ಬಿಡ್ರಿ" ಅಂದರು. ಅವರ ಮೈಮೇಲೆ ಇದ್ದದ್ದು ಬೆನ್ನಿಗೆ 18 ಅಂತ ಬರೆದ ನೀಲಿ ಜರ್ಸಿ, ಖಡೇಬಜಾರದ್ದು. "ನಿಮಗ ಕೊಹ್ಲಿ ಬಿಚ್ಚಿ ಕೊಟ್ಟಾನೇನ್ರಿ?" ಅಂತ ಕೇಳಿಯೇಬಿಟ್ಟೆ. ನನ್ನವಳು ಕುಂದಾ ತಂದಿಟ್ಟು ಮಾತು ತೇಲಿಸಿದಳು. ಆದರೂ ಅವರು ಕುಂದಾ ಮಾತ್ರ ಬಿಡಲಿಲ್ಲ.

ಗೆದ್ದವರಿಗೇ ಅಸಲಿ ಸಿಗುವುದಿಲ್ಲ, ಗೊತ್ತಾ? ಕ್ರಿಕೆಟ್ ವಿಶ್ವಕಪ್‌ನ ಈಗಿನ ಟ್ರೋಫಿ ಬಂದದ್ದು 1999ರಲ್ಲಿ. ಅಸಲಿ ಕ್ರಿಕೆಟ್‌ನ ಜಾಗತಿಕ ಸಂಸ್ಥೆ ಐಸಿಸಿ ಹತ್ತಿರವೇ ಇರುತ್ತದೆ, ಗೆದ್ದ ತಂಡ ಒಯ್ಯುವುದು ಅದರ ಪ್ರತಿ. ಫುಟ್‌ಬಾಲ್‌ನಲ್ಲೂ ಹಾಗೇ. ಅಸಲಿ 18 ಕ್ಯಾರೆಟ್ ಚಿನ್ನದ್ದು, ಗೆದ್ದ ದೇಶಕ್ಕೆ ಉಳಿಯುವುದು ಚಿನ್ನದ ನೀರು ಕೊಟ್ಟ ಕಂಚಿನದ್ದು. ಅದಕ್ಕೂ ಹಿಂದಿನ ಜೂಲ್ಸ್ ರಿಮೆ ಕಪ್ಪನ್ನು 1970ರಲ್ಲಿ ಬ್ರೆಜಿಲ್‌ಗೆ ಖಾಯಂ ಕೊಟ್ಟುಬಿಟ್ಟರು. 1983ರಲ್ಲಿ ರಿಯೋದಲ್ಲಿ ಕಳ್ಳರು ಎತ್ತಿಕೊಂಡು ಹೋದರು, ಇನ್ನೂ ಸಿಕ್ಕಿಲ್ಲ. ನನ್ನ ಷೋಕೇಸಿಗೆ ಬೀಗವೇ ಇಲ್ಲ.

ನಕಲು ಕೊಳ್ಳುವಾಗ ಏನು ನೋಡ್ತೀರಿ ಅಂತ ಮಾತ್ರ ಒಬ್ಬರೂ ಕೇಳುವುದಿಲ್ಲ. ಕೇಳಿದ್ದರೆ ಕೂರಿಸಿ, ಚಹಾ ಕೊಟ್ಟು ಹೇಳುತ್ತಿದ್ದೆ. ಆ್ಯಷಸ್ ಕುಡಿಕೆ ಸುಮಾರು 11 ಸೆಂಟಿಮೀಟರ್, ಕುಂಕುಮದ ಭರಣಿಯಷ್ಟೇ. ಅಸಲಿ ಲಂಡನ್ನಿನ ಲಾರ್ಡ್ಸ್ ಕ್ರಿಕೆಟ್ ಮೈದಾನದ ಮ್ಯೂಸಿಯಂನಲ್ಲಿದೆ. ಅದರ ಮೈಗೆ ಎರಡು ಚೀಟಿ ಅಂಟಿಸಿದ್ದಾರೆ, ಒಂದರಲ್ಲಿ ಆರು ಸಾಲಿನ ಪದ್ಯ. ಅಗ್ಗದ ನಕಲಿನಲ್ಲಿ ಪದ್ಯದ ಜಾಗದಲ್ಲಿ ಸುಮ್ನೆ ಗೀಚಿರುತ್ತಾರೆ. ಅಂಥದ್ದು ನನಗೆ ಬೇಡ, ಪದ್ಯ ಓದಲು ಬರಬೇಕು. ಬ್ಯಾಟಿನ ಸಹಿಗೆ ಭೂತಗನ್ನಡಿ ಹಿಡಿದರೆ ಅಚ್ಚಿನ ಸಣ್ಣ ಸಣ್ಣ ಚುಕ್ಕೆ ಕಾಣಬೇಕು. ಕಂಡರೆ ಖುಷಿ, ಅಚ್ಚು ಅಚ್ಚಿನ ಹಾಗೇ ಇದೆ. ಯಾರೋ ಕೂತು ಪೆನ್ನಿನಲ್ಲಿ ಗೀಚಿ, ಆಟಗಾರನೇ ಹಾಕಿದ್ದು ಅಂತ ಮಾರಿದರೆ ಅದು ಮೋಸ. ಅದನ್ನು ಪುಕ್ಕಟೆ ಕೊಟ್ಟರೂ ಒಯ್ಯಲ್ಲ.

ವಿಶ್ವಕಪ್ ಕೆಳಗಿನ ತಗಡಿಗೆ ಅಕ್ಷರ ಕೆತ್ತಿಸಲು ಟ್ರೋಫಿ ಅಂಗಡಿಗೆ ಹೋಗಿದ್ದೆ. "ಏನ ಬರೀಲಿ ಸರ್?"

"ನಕಲು ಅಂತ ಬರೀರಿ."

"ಹಂಗ ಬರಸಿದ್ರ ಯಾರ್ ನೋಡ್ತಾರ್ರೀ? 'ವಿನ್ನರ್' ಅಂತ ಹಾಕ್ತೀನಿ, ಅದಕ್ಕ ರೊಕ್ಕ ಜಾಸ್ತಿ ಇಲ್ಲ."

ಕೊನೆಗೆ ನಾನು ಹೇಳಿದ್ದನ್ನೇ ಕೆತ್ತಿದ. ಆದರೆ ತಗಡನ್ನು ಹಿಂದಗಡೆ ಅಂಟಿಸಿ ಕೊಟ್ಟ.