ನಾದಿರಾಳ ಅಮ್ಮ ಯಾಕೆ ಮಾತಾಡಲಿಲ್ಲ?

ಸುರತ್ಕಲ್‌ನ ನಮ್ಮ ಮನೆಯ ಜಗಲಿಯಲ್ಲಿ ಮಧ್ಯಾಹ್ನವಾದರೆ ಅಮ್ಮ, ಚಿಕ್ಕಮ್ಮ, ಪಕ್ಕದ ಮನೆಯ ಅಕ್ಕ ತಡ್ಪೆ (ಮೊರ) ಹಿಡಿದು ಬೀಡಿ ಕಟ್ಟಲು ಕೂರುತ್ತಾರೆ. ಕೈಗೆ ಬಿಡುವಿಲ್ಲ, ಕಿವಿ ಖಾಲಿ. ಹಾಗಾಗಿ ಕಳೆದ ಮಳೆಗಾಲದಲ್ಲಿ ಅವರಿಗೆ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯನ್ನು ದಿನಾ ಸ್ವಲ್ಪ ಸ್ವಲ್ಪ ಓದಿ ಹೇಳಿದೆ.

1980ರ ದಶಕದ ಶುರುವಿನಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದ ಕತೆ ಇದು. ಕತೆಯ ನಾಯಕಿ ನಾದಿರಾಳಿಗೆ ಅವಳ ಅಪ್ಪ ಹಟಕ್ಕೆ ಬಿದ್ದು ಗಂಡನಿಂದ ತಲಾಖ್ ಕೊಡಿಸುತ್ತಾನೆ. ಮತ್ತೆ ಆ ಗಂಡನನ್ನೇ ಸೇರಬೇಕಾದರೆ ಅವಳು ಇನ್ನೊಬ್ಬನನ್ನು ಮದುವೆಯಾಗಿ, ಒಂದು ರಾತ್ರಿ ಕಳೆದು, ಅವನಿಂದ ತಲಾಖ್ ಪಡೆಯಬೇಕು. ಅದಕ್ಕೆ ಒಪ್ಪಲಾಗದೆ ಅವಳು ಮಸೀದಿಯ ಕೆರೆಗೆ ಇಳಿಯುತ್ತಾಳೆ.

ಕೊನೆಯ ಪುಟ ಮುಗಿದಾಗ ಅಕ್ಕ ಕೇಳಿದ್ದು ನಾದಿರಾಳ ಬಗ್ಗೆ ಅಲ್ಲ.

“ಅವಳ ಅಮ್ಮ ಎಂತ ಮಾಡ್ತಾ ಇದ್ದಳು?”

“ಎಂತ ಮಾಡುವುದು? ಕೈಯಲ್ಲಿ ನಾಲ್ಕು ಕಾಸು ಬೇಡ್ವಾ?” ಅಂದರು ಚಿಕ್ಕಮ್ಮ.

ನಿಜ. ಚಿಕ್ಕ ವಯಸ್ಸಿಗೇ ಮದುವೆಯಾಗಿ ಗಂಡನ ಹೆದರಿಕೆಯಲ್ಲೇ ಬಾಳಿದವಳು ನಾದಿರಾಳ ಅಮ್ಮ. ಆದರೆ ನಮ್ಮಮ್ಮ ಒಪ್ಪಲಿಲ್ಲ.

“ಕಾಸಿದ್ದರೆ ಬಾಯಿ ಬರ್ತದಾ? ನಾನು ಮದುವೆಗೆ ಮೊದಲೇ ಬೀಡಿ ಕಟ್ಟಿ ಮನೆ ಖರ್ಚು ನೋಡಿದವಳು. ನಮ್ಮದು ಅಳಿಯಕಟ್ಟು ಬೇರೆ, ಆಸ್ತಿ ಹೆಣ್ಣಿನ ಕಡೆಯಿಂದ ಬರುವುದು. ಮನೆ ಅಜ್ಜಿಯದ್ದು. ಆದರೂ ನನ್ನ ಸಂಬಂಧ ನಿಶ್ಚಯ ಮಾಡಿದ್ದು ದೊಡ್ಡ ಮಾವ. ಅಜ್ಜಿಯನ್ನೂ ಕೇಳಲಿಲ್ಲ, ನನ್ನನ್ನೂ ಕೇಳಲಿಲ್ಲ.”

ಅಮ್ಮ ಇದನ್ನು ಹಿಂದೆಂದೂ ಹೇಳಿರಲಿಲ್ಲ.

ಈ ಕಾದಂಬರಿಯನ್ನು ಒಂದು ಸಮುದಾಯದ ಕತೆ ಎಂದು ಬದಿಗಿಡುವವರು ತುಂಬಾ ಜನ. ಅದು ಸರಿಯಲ್ಲ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಕಟ್ಟುಪಾಡು ಆ ಮನೆಯದ್ದು, ಆದರೆ ಮಗಳ ಬದುಕನ್ನು ಅವಳನ್ನೇ ಕೇಳದೆ ನಿಶ್ಚಯಿಸುವುದು ನಮ್ಮ ಮನೆಗಳಲ್ಲೂ ಉಂಟು. ಆಸ್ತಿ ಹೆಣ್ಣಿನ ಕವಲಿನಲ್ಲಿ ಇಳಿದು ಬಂದ ಕುಟುಂಬಗಳಲ್ಲೂ ಯಜಮಾನಿಕೆ ಜಾಸ್ತಿ ಸೋದರಮಾವಂದಿರ ಕೈಯಲ್ಲೇ ಇತ್ತು. ಸಾರಾ ಅವರು ಆ ಅಮ್ಮನ ಮೌನವನ್ನು ಅಷ್ಟು ಮನಸ್ಸಿಟ್ಟು ಬರೆಯದೇ ಇದ್ದಿದ್ದರೆ ನಮ್ಮಮ್ಮನಿಗೆ ತನ್ನ ಮದುವೆ ನೆನಪಾಗುತ್ತಿತ್ತಾ?

ಚಿಕ್ಕಮ್ಮನ ಮಗಳಿಗೆ ಆಗ ಗಂಡು ನೋಡುತ್ತಿದ್ದರು. ಅಕ್ಕ ನೇರವಾಗಿ ಕೇಳಿಯೇ ಬಿಟ್ಟರು, “ನೀವು ಅವಳನ್ನು ಕೇಳಿದ್ದೀರಾ?”

ಚಿಕ್ಕಮ್ಮ ಕಟ್ಟುತ್ತಿದ್ದ ಬೀಡಿಯ ನೂಲು ಕಡಿದು, “ಇಲ್ಲ. ಇವತ್ತು ಕೇಳ್ತೇನೆ” ಅಂದರು.