ಮೂರು ಸಲ ಓದಿದ ಮೇಲೂ ತಪ್ಪು ಉಳಿಯೋದು ಹೇಗೆ?

ನಾನು ಪ್ರಕಾಶಕರಿಗೆ ಕರಡು ತಿದ್ದಿಕೊಡುತ್ತೇನೆ. ಅಂದರೆ ಪ್ರೂಫ್ ನೋಡುವ ಕೆಲಸ. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕ ಕೂತವರಿಗೆ ಇದನ್ನು ಹೇಳಿದರೆ ಎರಡು ಪ್ರಶ್ನೆ ಗ್ಯಾರಂಟಿ. ಮೊದಲನೆಯದು, "ಅದರಲ್ಲಿ ಹೊಟ್ಟೆ ತುಂಬುತ್ತಾ?" ಅದಕ್ಕೆ ಸುಮ್ನೆ ನಗುತ್ತೇನೆ. ಎರಡನೆಯದು ಪಾಯಸ ಬರುವ ಹೊತ್ತಿಗೆ ಬರುತ್ತದೆ. "ಮೂರು ಮೂರು ಸಲ ಓದ್ತೀರಂತೆ. ಆದ್ರೂ ಪುಸ್ತಕದಲ್ಲಿ ಅಷ್ಟೊಂದು ತಪ್ಪು ಹೇಗೆ ಉಳಿಯುತ್ತೆ?"

ಹಿಂದಿನವರು ಇದನ್ನೆಲ್ಲ ಮುದ್ರಾರಾಕ್ಷಸನ ಹಾವಳಿ ಅಂತ ಹೇಳಿ ಪಾರಾಗುತ್ತಿದ್ದರು. ನನಗೆ ಹಾಗೆ ಜಾರಿಕೊಳ್ಳಲು ಮನಸ್ಸಿಲ್ಲ. ಆ ರಾಕ್ಷಸನ ಮನೆ ಎಲ್ಲಿ ಅಂತ ನನಗೆ ಗೊತ್ತು. ಮುಕ್ಕಾಲು ಪಾಲು ಅವನು ಇರುವುದು ನನ್ನ ಕಣ್ಣಲ್ಲೇ.

ಒಮ್ಮೆ ಒಂದು ಜೀವನಚರಿತ್ರೆಯಲ್ಲಿ "ಕೊಟ್ಟ ಮಾತು ಉಳಿಸಿಕೊಂಡರು" ಅಂತ ಇರಬೇಕಿತ್ತು. ಅಚ್ಚಾಗಿದ್ದು "ಕೆಟ್ಟ ಮಾತು ಉಳಿಸಿಕೊಂಡರು" ಅಂತ. ಒತ್ವ ಹೋಗಿ ಎತ್ವ ಉಳಿದಿದೆ, ಅಷ್ಟೇ. ನಾನು ಅದನ್ನು ಮೂರು ಸಲವೂ ನೋಡಿದ್ದೆ. ಮೂರು ಸಲವೂ "ಕೊಟ್ಟ ಮಾತು" ಅಂತಲೇ ಓದಿದ್ದೆ. "ಮಾತು ಉಳಿಸಿಕೊಂಡರು" ಅಂತ ಮುಂದೆ ಇರುವಾಗ ಹಿಂದೆ ಇನ್ನೇನು ಇದ್ದೀತು ಅಂತ ಕಣ್ಣೇ ತೀರ್ಮಾನ ಮಾಡಿಬಿಡುತ್ತದೆ. ಕನ್ನಡ ಚೆನ್ನಾಗಿ ಗೊತ್ತಿದ್ದಷ್ಟೂ ಈ ಕಾಟ ಜಾಸ್ತಿ.

ಕಂಪ್ಯೂಟರಿಗೆ ಬಿಟ್ಟುಬಿಡಬಹುದಲ್ವಾ ಅನ್ನುತ್ತಾರೆ. ಅದಕ್ಕೆ "ಕೆಟ್ಟ" ಅನ್ನುವುದು ಸರಿಯಾದ ಪದ. ಸುಮ್ಮನಿರುತ್ತದೆ. ಇನ್ನೊಂದು ಕಡೆ ಏನೂ ತಪ್ಪಿಲ್ಲದ "ಮನೆಯಲ್ಲಿದ್ದವರಿಗೂ" ಅನ್ನುವುದರ ಕೆಳಗೆ ಕೆಂಪು ಗೆರೆ ಎಳೆಯುತ್ತದೆ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು 8 ಸಂಪುಟ ಇದೆ. ಅದರಲ್ಲೂ "ಮನೆ" ಸಿಗುತ್ತದೆ, "ಮನೆಯಲ್ಲಿದ್ದವರಿಗೂ" ಸಿಗುವುದಿಲ್ಲ. ನಮ್ಮ ಪದಗಳು ಬಾಲ ಬೆಳೆಸಿಕೊಂಡು ಹೋಗುತ್ತವೆ. ಎಲ್ಲ ಬಾಲಗಳ ಪಟ್ಟಿ ಮಾಡುವವರು ಯಾರು?

ಗದಗಕ್ಕೆ ಮುದ್ರಣ ಕಾಶಿ ಅಂತ ಹೆಸರು. ಅಲ್ಲಿ ಅಚ್ಚಿನ ಮೊಳೆ ಜೋಡಿಸಿ ಜೀವನ ಮಾಡಿದ ಹಿರಿಯರೊಬ್ಬರು ನನಗೊಂದು ಉಪಾಯ ಹೇಳಿಕೊಟ್ಟಿದ್ದರು. ಪುಟದ ಕೊನೆಯ ಸಾಲಿನಿಂದ ಶುರು ಮಾಡಿ ಮೇಲಕ್ಕೆ ಹೋಗು ಅಂತ. ಹಾಗೆ ಹೋದರೆ ಕಥೆ ಕೈ ಬಿಡುತ್ತದೆ, ಅಕ್ಷರ ಮಾತ್ರ ಕಾಣುತ್ತದೆ. ಸೀಸದ ಮೊಳೆಯಲ್ಲಿ ಅಕ್ಷರ ತಿರುಗುಮುರುಗಾಗಿ ಇರುತ್ತಿತ್ತು. ಅವರಿಗೆ ಕಥೆಯ ಹಂಗಿಲ್ಲದೆ ಅಕ್ಷರ ನೋಡುವುದು ರೂಢಿಯಾಗಿತ್ತು. ನಾನು ಮಾಡಿ ನೋಡಿದ್ದೇನೆ. ಖಂಡಿತ ಕೆಲಸ ಮಾಡುತ್ತದೆ. ಆದರೆ ಒಂದು ಪುಟಕ್ಕೆ ಕಾಲು ಗಂಟೆ ಬೇಕು. ಪುಟದ ಲೆಕ್ಕದಲ್ಲಿ ದುಡ್ಡು ಕೊಡುವ ಕಸುಬಿನಲ್ಲಿ ಅದು ಗಿಟ್ಟುವುದಿಲ್ಲ. ಹಾಗಾಗಿ ಶೀರ್ಷಿಕೆ, ಪರಿವಿಡಿ ಮತ್ತು ಬೆನ್ನುಡಿಗೆ ಮಾತ್ರ ಈ ಸೇವೆ.

ಇನ್ನು ಯಾರೂ ಟೈಪ್ ಮಾಡದೆಯೇ ಹುಟ್ಟುವ ತಪ್ಪುಗಳಿವೆ. ಹಿರಿಯ ಲೇಖಕರು ಅನೇಕರು ಈಗಲೂ ಹಳೆಯ "ನುಡಿ" ಅಥವಾ "ಬರಹ" ತಂತ್ರಾಂಶದ ಅಕ್ಷರಗಳಲ್ಲೇ ಬರೆದು ಕಳಿಸುತ್ತಾರೆ. ಅದನ್ನು ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್‌ಗೆ ಬದಲಾಯಿಸಬೇಕು. "ಕರ್ನಾಟಕ" ಅನ್ನುವಾಗ ಬಾಯಲ್ಲಿ ರ್ ಮೊದಲು, ನಾ ಆಮೇಲೆ. ಕಾಗದದ ಮೇಲೆ ನಾ ಮೊದಲು, ಅರ್ಕಾವೊತ್ತು ಆಮೇಲೆ. ಹಳೆಯ ಫಾಂಟುಗಳು ಕಾಗದದ ಕ್ರಮ ಹಿಡಿದಿದ್ದವು, ಯೂನಿಕೋಡ್ ಬಾಯಿಯ ಕ್ರಮ ಹಿಡಿಯುತ್ತದೆ. ಬದಲಾಯಿಸುವ ತಂತ್ರಾಂಶ ಎಡವಿದರೆ "ಕನಾ" ಒಂದು ಕಡೆ, "ಟಕ" ಇನ್ನೊಂದು ಕಡೆ. ನಡುವೆ ಐಸ್‌ಲ್ಯಾಂಡ್ ಭಾಷೆಯ ಒಂದು ಅಕ್ಷರ ಬಂದು ಕೂತಿರುತ್ತದೆ! ಹಳೆಯ ಫಾಂಟಿನಲ್ಲಿ ಅರ್ಕಾವೊತ್ತಿಗೆ ಕೊಟ್ಟಿದ್ದು ಆ ಅಕ್ಷರದ ಜಾಗವನ್ನು. ನಿಜ ಹೇಳಬೇಕಂದರೆ ಇದು ಒಳ್ಳೆಯ ತಪ್ಪು. ಕಣ್ಣಿಗೆ ಚುಚ್ಚುತ್ತದೆ, ಸಿಕ್ಕಿಬೀಳುತ್ತದೆ.

ಕಾದಂಬರಿಕಾರರೊಬ್ಬರು ಕೊನೆಯ ಗಳಿಗೆಯಲ್ಲಿ ನಾಯಕನ ಹೆಸರು ರಾಮ ಬೇಡ, ಸೋಮ ಇರಲಿ ಅಂದರು. ಪುಟ ಜೋಡಿಸುವ ಡಿಟಿಪಿಯವರು ಒಂದೇ ಏಟಿಗೆ ಇಡೀ ಪುಸ್ತಕದಲ್ಲಿ ಬದಲಾಯಿಸಿದರು. ಸೋಮನೇನೋ ಬಂದ. ಜೊತೆಗೆ ಊರಿನವರೆಲ್ಲ "ಆಸೋಮವಾಗಿ" ಇದ್ದರು. "ಗ್ಸೋಮ ಪಂಚಾಯಿತಿ" ಚುನಾವಣೆಯೂ ನಡೆಯಿತು. ಗ್ರಾಮದೊಳಗೂ ಒಬ್ಬ ರಾಮ ಇದ್ದಾನೆ ಅಂತ ನನಗೆ ಹೊಳೆದಿದ್ದು ಅವತ್ತೇ.

ಸರಕಾರ, ಸರ್ಕಾರ ಥರದ ಜಗಳಕ್ಕೆ ನಾನು ಹೋಗುವುದಿಲ್ಲ. ಎರಡೂ ನಡೆಯುತ್ತದೆ. ಒಂದೇ ಪುಸ್ತಕದಲ್ಲಿ ಎರಡೂ ಇದ್ದರೆ ಮಾತ್ರ ತಪ್ಪು ನನ್ನದು.

ಎಲ್ಲಕ್ಕಿಂತ ಕೆಟ್ಟ ತಪ್ಪುಗಳು ಹುಟ್ಟುವುದು ನನ್ನ ಮೂರನೇ ಓದು ಮುಗಿದ ಮೇಲೆ. 1/8 ಡೆಮಿ ಅಳತೆಯ ಪುಸ್ತಕಕ್ಕೆ ಸಾಮಾನ್ಯವಾಗಿ 16 ಪುಟಕ್ಕೆ ಒಂದು ಫಾರಂ, ಅಂದರೆ ಒಟ್ಟಿಗೆ ಅಚ್ಚಾಗುವ ಒಂದು ಕಟ್ಟು, ಅನ್ನುವ ಲೆಕ್ಕ. 12 ಫಾರಂ ಅಂದರೆ 192 ಪುಟ. ಲೇಖಕರು ಎರಡು ಸಾಲು ಸೇರಿಸುತ್ತಾರೆ, ಪುಸ್ತಕ 193ನೇ ಪುಟಕ್ಕೆ ಕಾಲಿಡುತ್ತದೆ. ಆ ಒಂದು ಪುಟಕ್ಕಾಗಿ ಇನ್ನಷ್ಟು ಕಾಗದ ಹಾಕಲು ಪ್ರಕಾಶಕರಿಗೆ ಕರುಳು ಚುರುಕ್ ಅನ್ನುತ್ತದೆ. "ಹೇಗಾದ್ರೂ ಒಳಗೇ ಕೂರಿಸಿ ಸಾರ್" ಅಂತ ಫೋನು. ಎಲ್ಲೋ ಒಂದು ವಾಕ್ಯ ಕತ್ತರಿಸುತ್ತಾರೆ. ಅದರ ಬಾಲ ಅಲ್ಲೇ ಉಳಿಯುತ್ತದೆ. ಆ ಪುಟವನ್ನು ಮತ್ತೆ ಯಾರೂ ಓದುವುದಿಲ್ಲ.

"ಲೇಖಕರ ಮಾತು" ಕೂಡ ಹಾಗೆಯೇ. ಮೊದಲ ಪುಟಗಳಲ್ಲಿ ಇರುವ ಈ ಬರಹ ಬರುವುದು ಎಲ್ಲರಿಗಿಂತ ಕೊನೆಗೆ. ಹೋದ ವರ್ಷ ಒಂದು ಪುಸ್ತಕಕ್ಕೆ ಅದು ರಾತ್ರಿ ವಾಟ್ಸಾಪಿನಲ್ಲಿ ಬಂತು, ಬೆಳಿಗ್ಗೆ ಅಚ್ಚಿನ ಪ್ಲೇಟಿಗೆ ಹೋಯಿತು. ಪುಸ್ತಕ ಕೈಗೆ ಸಿಕ್ಕಾಗ ನಾನು ಮೊದಲು ತೆಗೆದದ್ದು ಅದೇ ಪುಟ. ನನ್ನ ಹೆಸರು ಇದೆಯಾ ನೋಡೋಣ ಅಂತ. ಇತ್ತು. ಎರಡು ಸಲ ಓದಿ ಖುಷಿಪಟ್ಟು ಮಗಳ ಕೈಗೆ ಕೊಟ್ಟೆ. ಅವಳು ಎರಡನೇ ಕ್ಲಾಸು. ಇನ್ನೂ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದುತ್ತಾಳೆ. "ತಾಳ್ಮೆಯಿಂದ... ಕರಡಿ... ತಿದ್ದಿದ..." ಅಂತ ಓದಿ ತಲೆ ಎತ್ತಿದಳು.

"ಅಪ್ಪಾ, ನೀನು ಕರಡಿ ತಿದ್ದಿದ್ದು ಯಾವಾಗ?"